ಕಾನೂನು ಪ್ರಕಾರ ಬಡವರು

ಆ ವರ್ಷದ ಜೂನ್ ಇಪ್ಪತ್ತೆಂಟನೇ ತಾರೀಕು ಕೊರಿಯಾ ದೇಶದ ಸಮಸ್ತ ನಾಗರಿಕರು ಕಾನೂನು ಪ್ರಕಾರ ಒಂದೋ ಎರಡೋ ವರ್ಷ ಚಿಕ್ಕವರಾದರು. ಇದಕ್ಕಾಗಿ ಯಾರೂ ಔಷಧ ಕುಡಿಯಲಿಲ್ಲ. ಮಗುವಿಗೆ ಹುಟ್ಟಿದ ದಿನವೇ ಒಂದು ವರ್ಷ, ಹೊಸ ವರ್ಷ ಬಂದೊಡನೆ ಊರಿಗೆಲ್ಲ ಇನ್ನೊಂದು ವರ್ಷ ಎಂದು ಎಣಿಸುತ್ತಿದ್ದ ಹಳೆಯ ಪದ್ಧತಿಯನ್ನು ಸರ್ಕಾರ ಕೈಬಿಟ್ಟಿತು, ಅಷ್ಟೆ. ಬೆಳಿಗ್ಗೆ ಎದ್ದಾಗ ನನಗೆ ನಲವತ್ತೇಳರ ಬದಲು ನಲವತ್ತೈದಾಗಿತ್ತು. ಸೊಂಟನೋವಿಗೆ ಮಾತ್ರ ನಲವತ್ತೇಳೇ. ಅದಕ್ಕೆ ಆದೇಶದ ಪ್ರತಿ ತಲುಪಿರಲಿಲ್ಲವೆಂದು ಕಾಣುತ್ತದೆ.

ಸಂಸತ್ ಸದಸ್ಯರ ಸರಾಸರಿ ವಯಸ್ಸೂ ಅದೇ ದಿನ ಇಳಿಯಿತು. ಒಂದು ಪತ್ರಿಕೆ "ಸಂಸತ್ತಿಗೆ ಹೊಸ ರಕ್ತ" ಎಂದು ಮುಖಪುಟದಲ್ಲಿ ಬರೆಯಿತು. ನಾನು ಏಳನೇ ದರ್ಜೆಯ ಗುಮಾಸ್ತನಾಗಿ ಕೆಲಸ ಮಾಡುವ ಜನಸಾದೃಶ್ಯ ಆಯೋಗದಲ್ಲಿ ಆ ಪುಟವನ್ನು ಕತ್ತರಿಸಿ ಗೋಡೆಗೆ ಅಂಟಿಸಲಾಯಿತು. ಮುಂದೆ ಆದದ್ದೆಲ್ಲ ಆ ಗೋಡೆಯಿಂದಲೇ ಶುರುವಾದದ್ದು.

ನಮ್ಮ ಆಯೋಗದ ಕೆಲಸ ಒಂದೇ. ಸಂಸತ್ತು ಅದನ್ನು ಆರಿಸಿದ ಜನರನ್ನು ಹೋಲುತ್ತದೆಯೇ ಎಂದು ನೋಡುವುದು, ಹೋಲದಿದ್ದರೆ ಹೋಲುವಂತೆ ಮಾಡುವುದು. ಆ ಬೇಸಗೆಯಲ್ಲಿ ನಮ್ಮ ಸಂಸತ್ತಿಗೆ ನೂರಕ್ಕೆ ಮೂವತ್ತೊಂದು ಅಂಕ ಬಂದಿತ್ತು. ಮುನ್ನೂರು ಸದಸ್ಯರಲ್ಲಿ ವಕೀಲರು, ಮಾಜಿ ಪ್ರಾಸಿಕ್ಯೂಟರುಗಳು, ಪ್ರೊಫೆಸರುಗಳು ಮತ್ತು ಕಂಪನಿ ಮಾಲೀಕರು ಕುರ್ಚಿ ತುಂಬ ಇದ್ದರು. ಬೀದಿ ಅಂಗಡಿಯವರು, ಮೋಟಾರ್‌ಬೈಕಿನಲ್ಲಿ ಊಟ ತಲುಪಿಸುವವರು, ಸಾರ್ವಜನಿಕ ಸ್ನಾನಗೃಹದಲ್ಲಿ ಗಿರಾಕಿಗಳ ಬೆನ್ನುಜ್ಜುವವರು ಒಬ್ಬರೂ ಇರಲಿಲ್ಲ.

ಅಧ್ಯಕ್ಷರಾದ ಮೇಂಗ್ ಸಾಹೇಬರು ಸಭೆ ಕರೆದು ಸಲಹೆ ಕೇಳಿದರು. ನಾನು ಎದ್ದುನಿಂತು, "ಮುಂದಿನ ಚುನಾವಣೆಗೆ ಪಕ್ಷದವರು ಅಂಥವರಿಗೇ ಟಿಕೆಟ್ ಕೊಟ್ರೆ ಹೇಗೆ ಸಾರ್?" ಎಂದೆ.

ಮೇಂಗ್ ಸಾಹೇಬರು ಕನ್ನಡಕ ತೆಗೆದರು. "ನಿಮಗೆ ರಜೆ ಎಷ್ಟು ಉಳಿದಿದೆ?"

"ಹನ್ನೆರಡು ದಿನ ಸಾರ್."

"ತಗೊಂಡುಬಿಡಿ. ದಣಿದಿದ್ದೀರಿ."

ನಂತರ ಅವರು ಗೋಡೆಯ ಕಡೆ ತಿರುಗಿದರು. "ನೋಡ್ರಪ್ಪಾ, ಐದು ಕೋಟಿ ಜನ ಒಂದೇ ದಿನದಲ್ಲಿ ಚಿಕ್ಕವರಾಗಬಹುದು ಅಂತಾದ್ರೆ, ಮುನ್ನೂರು ಜನ ಬಡವರಾಗೋದು ಯಾವ ಮಹಾ ಕೆಲಸ?"

ಹೀಗೆ ವೃತ್ತಿ ಏಕೀಕರಣ ಕಾಯ್ದೆ ಬಂತು. ಅದರ ಮೂರನೇ ಕಲಮಿನ ಪ್ರಕಾರ ಪ್ರತಿಯೊಬ್ಬ ನಾಗರಿಕನಿಗೂ ಒಂದು ಸ್ವಾಭಾವಿಕ ವೃತ್ತಿ ಹಾಗೂ ಒಂದು ಕಾನೂನುಬದ್ಧ ವೃತ್ತಿ ಇರತಕ್ಕದ್ದು. ಅವೆರಡೂ ಒಂದೇ ಆಗಿರಬೇಕೆಂಬ ಒತ್ತಾಯವಿಲ್ಲ. ಏಳನೇ ಕಲಮಿನ ಪ್ರಕಾರ, ಸದಸ್ಯರು ಯಾರ ವೃತ್ತಿಯನ್ನು ಪಡೆಯುವರೋ ಅವರಿಗೆ ಸದರಿ ಸದಸ್ಯರ ವೃತ್ತಿಯನ್ನು ಕೊಡತಕ್ಕದ್ದು. ಇಲ್ಲವಾದರೆ ದೇಶದ ಒಟ್ಟು ಅಂಕಿಸಂಖ್ಯೆ ಏರುಪೇರಾಗುತ್ತದೆ. ಒಂಬತ್ತನೆಯದು ನನಗೆ ಬಹಳ ಹಿಡಿಸಿತು: "ಆಸ್ತಿಯು ಸ್ವಾಭಾವಿಕವಾದುದು, ಅದು ಇದ್ದಲ್ಲಿಯೇ ಇರತಕ್ಕದ್ದು. ಬಡತನವು ಕಾನೂನುಬದ್ಧವಾದುದು, ಅದನ್ನು ವರ್ಗಾಯಿಸಬಹುದು."

ಹೆಂಗಸರ ಸಂಖ್ಯೆ ಕಡಿಮೆ ಇದ್ದುದರಿಂದ, ಹೆಂಡತಿಯ ಮಾತು ಕೇಳುವ ಸದಸ್ಯರನ್ನು ತಲಾ ಅರ್ಧ ಹೆಂಗಸು ಎಂದು ಪರಿಗಣಿಸಲಾಯಿತು. ಈ ಬಗ್ಗೆ ಸದಸ್ಯರ ಸ್ವಯಂಘೋಷಣೆಯೇ ಸಾಕಿತ್ತು. ಹೆಂಡತಿಯರನ್ನು ಕೇಳುವ ಅವಕಾಶ ಕಾಯ್ದೆಯಲ್ಲಿರಲಿಲ್ಲ.

ಯಾರಿಗೆ ಯಾವ ವೃತ್ತಿ ಎಂಬುದನ್ನು ಹೊಸ ಅಪಾರ್ಟ್‌ಮೆಂಟು ಹಂಚುವಾಗ ಮಾಡುವಂತೆ ಗಾಜಿನ ಡಬ್ಬಿಯೊಳಗೆ ವೃತ್ತಿಯ ಹೆಸರು ಬರೆದ ಚೆಂಡು ಕುಣಿಸಿ, ಒಂದೊಂದೇ ಎತ್ತಿ ನಿರ್ಧರಿಸಿದೆವು. ಹನ್ನೊಂದು ಮಂದಿಗೆ ನಿರುದ್ಯೋಗಿ ಎಂಬ ಚೆಂಡು ಬಂತು. ಅವರು ಯಾವ ತರಬೇತಿಯನ್ನೂ ಕೇಳಲಿಲ್ಲ. ನಾಲ್ಕನೇ ಸಲ ಗೆದ್ದು ಬಂದ, ವಕೀಲರೂ ಮಾಜಿ ಪ್ರಾಸಿಕ್ಯೂಟರೂ ನಾಲ್ಕು ಮನೆಗಳ ಯಜಮಾನರೂ ಆದ ಪ್ಯೋ ಗ್ವಾಂಗ್‌ಹೋ ಅವರಿಗೆ ಓಮುಕ್ ಅಂಗಡಿ ಬಂತು. ಓಮುಕ್ ಅಂದರೆ ಮೀನು ಅರೆದು ತಟ್ಟಿ, ಕಡ್ಡಿಗೆ ಪೋಣಿಸಿ, ಸಾರಿನಲ್ಲಿ ಬೇಯಿಸುವ ತಿನಿಸು. ನಮ್ಮಲ್ಲಿ ಚಳಿಗಾಲ ಕಳೆಯುವುದೇ ಅದರ ಮೇಲೆ.

ಪ್ಯೋ ಅವರಿಗೆ ಬೇಸರವೇನೂ ಆಗಲಿಲ್ಲ. "ಓಮುಕ್ಕಾ? ಎಲೆಕ್ಷನ್ ಬಂದಾಗಲೆಲ್ಲ ಸಂತೆಯಲ್ಲಿ ನಿಂತು, ಫೋಟೋದವರ ಮುಂದೆ ತಿಂದಿದ್ದೀನಲ್ರೀ. ಹದಿನಾರು ವರ್ಷದ ಅನುಭವ ಅಂತ ಬರಕೊಳ್ಳಿ," ಎಂದರು. ಬರೆದುಕೊಂಡೆ.

ಅವರಿಗೆ ಜೋಡಿಯಾಗಿ ಒಬ್ಬ ಓಮುಕ್ ಅಂಗಡಿಯವರ ಹೆಸರನ್ನು ಸೂಚಿಸುವ ಕೆಲಸ ನನ್ನ ಮೇಜಿಗೆ ಬಂತು. ನನಗೆ ಗೊತ್ತಿದ್ದವರು ಒಬ್ಬರೇ. ನದಿಯಾಚೆ ಯೊಂಗ್‌ದುಂಗ್‌ಪೊ ಸಂತೆಯ ಮೂಲೆಯಲ್ಲಿ ಇಪ್ಪತ್ಮೂರು ವರ್ಷದಿಂದ ಅಂಗಡಿ ಇಟ್ಟಿದ್ದ ತಾಕ್ ಮಲ್‌ಸುನ್. ವಿಧವೆ. ಅವರಿಗಿದ್ದದ್ದು ಆ ಅಂಗಡಿಯೊಂದೇ. ನಾನು ದಿನಾ ಬೆಳಿಗ್ಗೆ ಕಚೇರಿಗೆ ಹೋಗುವಾಗ ಅಲ್ಲಿ ಎರಡು ಕಡ್ಡಿ ತಿಂದು, ಕಾಗದದ ಲೋಟದಲ್ಲಿ ಬಿಸಿ ಸಾರು ಕುಡಿಯುತ್ತಿದ್ದೆ, ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದೆ. ಜೋಡಿಯಾಗಲು ಒಪ್ಪಿದವರಿಗೆ ಆಯೋಗದಿಂದ ಒಂದು ಪೆಟ್ಟಿಗೆ ರಾಮ್ಯನ್ ನೂಡಲ್ಸ್ ಉಚಿತವೆಂದು ಸುತ್ತೋಲೆಯಿತ್ತು. ಅವರಿಗೂ ಏನಾದರೂ ಸಿಗಲಿ ಎಂದೇ ಬರೆದೆ. ಇದನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮರುದಿನ ಕಾಗದ ಹಿಡಿದುಕೊಂಡು ಹೋದೆ. "ಚಿಕ್ಕಮ್ಮ, ಇಲ್ಲೊಂದು ಮುದ್ರೆ ಒತ್ತಬೇಕಿತ್ತು. ಒಂದು ಪೆಟ್ಟಿಗೆ ರಾಮ್ಯನ್ ಪುಕ್ಕಟೆ ಕೊಡ್ತಾರೆ."

"ಯಾಕೆ, ಮತ್ತೆ ಅಂಗಡಿ ಎತ್ತಿಸ್ತಾರಾ?" ಅವರ ಸೌಟು ನಿಂತಿತು.

"ಅಯ್ಯೋ ಅದಲ್ಲ. ಇವತ್ತಿಂದ ಕಾನೂನು ಪ್ರಕಾರ ನೀವು ವಕೀಲರು. ಮೊದಲು ಪ್ರಾಸಿಕ್ಯೂಟರ್ ಆಗಿದ್ರಿ."

"ಯಾರು, ನಾನಾ? ಆರನೇ ಕ್ಲಾಸಿಗೆ ಶಾಲೆ ಬಿಟ್ಟೋಳು ಕಣೋ ತಮ್ಮಾ."

"ಅದು ಸ್ವಾಭಾವಿಕ ಚಿಕ್ಕಮ್ಮ. ಇದು ಕಾನೂನುಬದ್ಧ."

ಅವರು ಕಾಗದವನ್ನು ದೂರ ಹಿಡಿದು ನೋಡಿದರು. "ಹೋದ ಸಲ ವಯಸ್ಸು ಕಮ್ಮಿ ಮಾಡಿದ್ರಿ. ನನ್ನ ಕನ್ನಡಿಗೆ ಇನ್ನೂ ಗೊತ್ತಾಗಿಲ್ಲ. ಇದೂ ಅಂಥದ್ದೇ ತಾನೇ?"

"ಅಂಥದ್ದೇ."

"ಹಾಗಾದ್ರೆ ಒತ್ಕೋ ಹೋಗು." ಎಪ್ರನ್ನಿನ ಜೇಬಿನಿಂದ, ಸಹಿಯ ಬದಲು ಒತ್ತುವ ತಮ್ಮ ಹೆಸರಿನ ಮುದ್ರೆ ತೆಗೆದು ಕೊಟ್ಟರು. "ರಾಮ್ಯನ್ ಖಾರದ್ದಾ, ಸಪ್ಪೆಯದ್ದಾ?"

ಅಂಗಡಿಗಳಿಗೆ ಪರವಾನಗಿ ಕೊಡುವ ನಗರ ಕಚೇರಿಯಿಂದ ಹನ್ನೊಂದನೇ ದಿನ ಅವರಿಗೆ ಪತ್ರ ಬಂತು. ಪತ್ರದ ಒಕ್ಕಣೆ ಹೀಗಿತ್ತು: "ವಕೀಲರಾದ ಶ್ರೀಮತಿ ತಾಕ್ ಮಲ್‌ಸುನ್ ಇವರು ಬಡವರಿಗೆಂದೇ ಮೀಸಲಾದ ಬೀದಿ ಅಂಗಡಿಯನ್ನು ಇಪ್ಪತ್ಮೂರು ವರ್ಷಗಳಿಂದ ಅನುಭವಿಸುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದು ಅತೀವ ವಿಷಾದವಾಗಿದೆ. ಸದರಿ ಪರವಾನಗಿಯನ್ನು ರದ್ದುಪಡಿಸಿ, ಅರ್ಹ ಓಮುಕ್ ವ್ಯಾಪಾರಿಗಳಾದ ಶ್ರೀ ಪ್ಯೋ ಗ್ವಾಂಗ್‌ಹೋ ಇವರಿಗೆ ಮಂಜೂರು ಮಾಡಲಾಗಿದೆ. ತಮ್ಮ ಸಹಕಾರಕ್ಕೆ ವಂದನೆಗಳು."

ಚಿಕ್ಕಮ್ಮ ಸೌಟು ಕೈಯಲ್ಲಿ ಹಿಡಿದುಕೊಂಡೇ ಆಯೋಗಕ್ಕೆ ಬಂದರು. ನಾನು ಕಡತದ ಹಿಂದೆ ಮುಖ ಮುಚ್ಚಿಕೊಂಡೆ. ಮೇಂಗ್ ಸಾಹೇಬರು ಎದ್ದು ಬಗ್ಗಿ ನಮಸ್ಕರಿಸಿ, "ಬನ್ನಿ ವಕೀಲರೇ," ಎಂದರು.

"ನಂಗೆ ನನ್ನ ಅಂಗಡಿ ಬೇಕು."

"ಇದು ಸ್ವಾಭಾವಿಕ ಮನವಿಯೋ, ಕಾನೂನುಬದ್ಧ ಮನವಿಯೋ?"

"ಹೊಟ್ಟೆಪಾಡಿನ ಮನವಿ."

"ಅದಕ್ಕೆ ನಮೂನೆ ಇಲ್ಲವಲ್ಲ ಮೇಡಂ. ಕಾನೂನು ಬಲ್ಲವರು, ನಿಮಗೆ ನಾನು ಹೇಳಬೇಕೇ?"

"ಕಾನೂನೂ ಬೇಡ, ನಿಮ್ಮ ರಾಮ್ಯನ್ನೂ ಬೇಡ. ಆ ಪುಣ್ಯಾತ್ಮ ನನ್ನ ಪಾತ್ರೇಲಿ ಮೂಲಂಗೀನ ಸಿಪ್ಪೆ ಸಮೇತ ಹಾಕಿದ್ದಾನೆ! ನಾನು ಕಣ್ಣಾರೆ ನೋಡ್ದೆ."

"ಸಿಪ್ಪೆಯ ವಿಷಯ ಆರೋಗ್ಯ ಇಲಾಖೆಗೆ ಬರುತ್ತೆ," ಎಂದು ಮೇಂಗ್ ಸಾಹೇಬರು ವಿಳಾಸ ಬರೆದು ಕೊಟ್ಟರು. ನನಗೆ ಬಹಳ ನಾಚಿಕೆಯಾಯಿತು. ನಾಚಿಕೆಗೂ ನಮ್ಮಲ್ಲಿ ನಮೂನೆ ಇರಲಿಲ್ಲ.

ಆ ತಿಂಗಳು ಸಂಸತ್ತಿಗೆ ನೂರಕ್ಕೆ ನೂರು ಅಂಕ ಬಂತು. ಹೊರದೇಶಗಳಿಂದ ತಂಡಗಳು ಬಂದು, ಗಾಜಿನ ಡಬ್ಬಿಯ ಅಳತೆ ತೆಗೆದುಕೊಂಡು ಹೋದವು.

ತೊಂದರೆ ಶುರುವಾದದ್ದು ಪರವಾನಗಿಯ ಹಿಂಬದಿಯಿಂದ. ಅಲ್ಲಿ ಸಣ್ಣಕ್ಷರದಲ್ಲಿ, ಪರವಾನಗಿದಾರರು ಬೆಳಿಗ್ಗೆಯಿಂದ ಸಂಜೆಯವರೆಗೆ ಖುದ್ದಾಗಿ ಅಂಗಡಿಯಲ್ಲಿ ನಿಂತಿರತಕ್ಕದ್ದು, ಮೂರು ದಿನ ತಪ್ಪಿದರೆ ಪರವಾನಗಿ ರದ್ದು ಎಂದಿತ್ತು. ಚಿಕ್ಕಮ್ಮ ಇಪ್ಪತ್ಮೂರು ವರ್ಷ ಒಂದು ದಿನವೂ ತಪ್ಪದೆ ನಿಂತದ್ದು ಇದರಿಂದಲೇ ಎಂದು ನನಗೆ ಆಗ ತಿಳಿಯಿತು. ಪರವಾನಗಿ ಹೋದರೆ ಪ್ಯೋ ಅವರ ಬಡತನವೂ ಹೋಗುತ್ತದೆ, ಬಡತನ ಹೋದರೆ ಸಂಸತ್ತಿನ ಅಂಕ ಇಳಿಯುತ್ತದೆ. ಆದ್ದರಿಂದ ಪ್ಯೋ ಅಂಗಡಿ ಬಿಟ್ಟು ಕದಲುವಂತಿರಲಿಲ್ಲ. ಉಳಿದವರ ಗತಿಯೂ ಅದೇ. ಒಬ್ಬ ಮಾಜಿ ಸಚಿವರು ಹೆಲ್ಮೆಟ್ ಹಾಕಿಕೊಂಡು, ಹದಿನೆಂಟನೇ ಮಹಡಿಗೆ ಕರಿದ ಕೋಳಿ ಒಯ್ಯುತ್ತಿದ್ದರು. ವಿರೋಧ ಪಕ್ಷದ ನಾಯಕರು ಸ್ನಾನಗೃಹದಲ್ಲಿ ಬೆನ್ನುಜ್ಜುತ್ತಿದ್ದರು. ಹಳೆಯ ಅಭ್ಯಾಸದಿಂದ ಅವರು ಆಡಳಿತ ಪಕ್ಷದವರ ಬೆನ್ನನ್ನು ಕೊಂಚ ಜೋರಾಗಿ ಉಜ್ಜುತ್ತಾರೆಂಬ ದೂರು ಬಂದಿತ್ತು.

ಸಭಾಂಗಣದಲ್ಲಿ ಆ ಹನ್ನೊಂದು ನಿರುದ್ಯೋಗಿಗಳು ಮಾತ್ರ ಉಳಿದಿದ್ದರು. ಅವರು ನಿದ್ದೆ ಮಾಡುತ್ತಿದ್ದರು. ಕೋರಂ ಇಲ್ಲದೆ ಅಧಿವೇಶನ ನಾಲ್ಕು ಸಲ ಮುಂದೆ ಹೋಯಿತು.

ಮೇಂಗ್ ಸಾಹೇಬರು ಏಳನೇ ಕಲಮನ್ನು ಮತ್ತೊಮ್ಮೆ ಓದಿದರು. ಸದಸ್ಯರ ಎಲ್ಲ ವೃತ್ತಿಗಳೂ ಜೋಡಿದಾರರಿಗೆ ಹೋಗಿವೆ. ಸಂಸತ್ ಸದಸ್ಯತ್ವವೂ ಒಂದು ವೃತ್ತಿ. ಅಂದಮೇಲೆ ಜೋಡಿದಾರರು ಬಂದು ಕೂರತಕ್ಕದ್ದು. ಹನ್ನೊಂದು ಮಂದಿಯನ್ನು ಮನೆಗೆ ಕಳಿಸಿ, ಮುನ್ನೂರು ಜನರಿಗೆ ನೋಟೀಸು ಹೋಯಿತು.

ಚಿಕ್ಕಮ್ಮನಿಗೆ ನೋಟೀಸು ಕೊಡಲು ನಾನೇ ಹೋದೆ. ಅವರು ಸಂತೆಯ ಎದುರಿನ ಬಸ್ ನಿಲ್ದಾಣದಲ್ಲಿ ಕೂತು ತಮ್ಮ ಅಂಗಡಿಯನ್ನೇ ನೋಡುತ್ತಿದ್ದರು. ದಿನವೂ ಅಲ್ಲೇ ಕೂರುತ್ತಾರೆಂದು ಪಕ್ಕದ ತರಕಾರಿಯವರು ಹೇಳಿದರು.

"ಹೋಗಿ ಕೂತ್ರೆ ಅಂಗಡಿ ವಾಪಸ್ ಕೊಡ್ತಾರಾ?"

"ಕೊಡಲ್ಲ. ಆದ್ರೆ ಸದಸ್ಯರು ಮಸೂದೆ ತರಬಹುದು ಚಿಕ್ಕಮ್ಮ. ಹತ್ತು ಜನರ ಸಹಿ ಬೇಕು." ಇದನ್ನು ಹೇಳುವ ಅಧಿಕಾರ ಏಳನೇ ದರ್ಜೆಯವನಿಗಿಲ್ಲ. ಹೇಳಿಬಿಟ್ಟೆ.

"ಮಸೂದೆ ಅಂದ್ರೆ?"

"ನಿಮಗೆ ಬೇಕಾದ್ದನ್ನ ಕಾನೂನು ಮಾಡೋ ಕಾಗದ."

ಅವರು ಎದ್ದು, ಉಂಡೆಯಂತೆ ಸುತ್ತಿಕೊಂಡಿದ್ದ ಶಾಲು ಬಿಚ್ಚಿ ಸರಿಯಾಗಿ ಹೊದ್ದುಕೊಂಡರು. "ನಡಿ ಮತ್ತೆ. ಬಸ್ಸು ಯಾವ ಕಡೆಯಿಂದ?"

ಹೀಗೆ ಚಿಕ್ಕಮ್ಮ ಕೋಟಿಗೆ ಚಿನ್ನದ ಬಣ್ಣದ ಬ್ಯಾಡ್ಜು ಸಿಕ್ಕಿಸಿಕೊಂಡು ಸಂಸತ್ತಿಗೆ ಬಂದರು. ಆ ದಿನದ ಸಭಾಂಗಣವನ್ನು ನಾನು ಮರೆಯಲಾರೆ. ಮೇಜಿನ ಮೇಲೆ ಹೆಲ್ಮೆಟ್ಟುಗಳಿದ್ದವು. ಹಿಂದಿನ ಸಾಲಿನಲ್ಲಿ ಯಾರೋ ಸಿಹಿಗೆಣಸು ಹಂಚುತ್ತಿದ್ದರು. ಅಪಾರ್ಟ್‌ಮೆಂಟಿನ ಕಾವಲುಗಾರರು ಬಾಗಿಲು ಕಂಡೊಡನೆ ಅಭ್ಯಾಸಬಲದಿಂದ ಅಲ್ಲೇ ನಿಂತುಬಿಟ್ಟಿದ್ದರು, ಅವರನ್ನು ಕೈಹಿಡಿದು ಕರೆತಂದು ಕೂರಿಸಬೇಕಾಯಿತು. ಒಂದು ಕ್ಷಣ ನನಗೆ ಎದೆ ತುಂಬಿ ಬಂತು. ಇಂಥ ಸಂಸತ್ತನ್ನು ತರುವುದೇ ನಮ್ಮ ಆಯೋಗದ ಉದ್ದೇಶವಲ್ಲವೇ, ತಪ್ಪಿಯಾದರೂ ಬಂತಲ್ಲ ಎಂದುಕೊಂಡೆ.

ಚಿಕ್ಕಮ್ಮ ಯಾರ ಪೀಠಿಕೆಗೂ ಕಾಯಲಿಲ್ಲ. ಮೊದಲ ದಿನವೇ ಮಸೂದೆ ಹೇಳಿ ಬರೆಸಿದರು. ಅದು ಒಂದೇ ಸಾಲು: "ಸಾರು ಕುದಿಸುವವರಿಗೇ ಅಂಗಡಿ ಸೇರತಕ್ಕದ್ದು." ಬೆನ್ನುಜ್ಜುವ ಕೆಲಸದ ಬಾಂಗ್ ಒಕ್‌ಬುನ್ ಎಂಬ ಗಟ್ಟಿಗಿತ್ತಿ ಹೆಂಗಸು ಮೊದಲ ಸಹಿ ಹಾಕಿದರು. "ಅಕ್ಕಾ, ನಿನ್ನದು ಪಾಸಾಗ್ಲಿ, ಆಮೇಲೆ ನನ್ನ ಉಜ್ಜೋ ಬಟ್ಟೇನೂ ವಾಪಸ್ ಇಸ್ಕೊಳ್ಳೋಣ," ಎಂದರು. ಊಟದ ಹೊತ್ತಿಗೆ ಹತ್ತು ಸಹಿಯ ಬದಲು ನಲವತ್ತು ಆಗಿದ್ದವು.

ಆದರೆ ತಿಂಗಳು ಮುಗಿದಿತ್ತು, ನಾವು ನಿಯಮದಂತೆ ಎಣಿಕೆ ಮಾಡಲೇಬೇಕಿತ್ತು. ಎಣಿಕೆ ನಡೆಯುವುದು ಕಾನೂನುಬದ್ಧ ವೃತ್ತಿಯ ಮೇಲೆ. ನಾನೇ ಸಾಲುಸಾಲಾಗಿ ಹೋಗಿ ಗುರುತು ಹಾಕಿದೆ. ಸಿಹಿಗೆಣಸಿನವರು ಪ್ರೊಫೆಸರ್. ಹೆಲ್ಮೆಟ್ಟಿನವರು ಮಾಜಿ ಸಚಿವರು. ಒಕ್‌ಬುನ್ ಕಂಪನಿ ಮಾಲೀಕರು. ತಾಕ್ ಮಲ್‌ಸುನ್ ವಕೀಲರು. ಕೊನೆಗೆ ಕೂಡಿಸಿದಾಗ ಬಂದದ್ದು ಮೂವತ್ತೊಂದು.

ದೇಶ ಕೆರಳಿತು. "ಮತ್ತೆ ಅದೇ ದೊಡ್ಡವರ ಕೂಟ" ಎಂದು ಪತ್ರಿಕೆಗಳು ಬರೆದವು. ಮಸೂದೆಯ ವಿಷಯ ಹೊರಬಿದ್ದ ಮೇಲಂತೂ ಕೇಳುವುದೇ ಬೇಡ. ನಲವತ್ತು ಜನ ವಕೀಲರೂ ಮಾಲೀಕರೂ ಸೇರಿ ಒಬ್ಬ ಬಡ ಓಮುಕ್ ವ್ಯಾಪಾರಿಯ ಅಂಗಡಿಯನ್ನು ಕಾನೂನು ಮಾಡಿ ಕಿತ್ತುಕೊಳ್ಳಲು ಹೊರಟಿದ್ದಾರೆ ಎಂಬುದು ಸುದ್ದಿ. ಅದರಲ್ಲಿ ಒಂದಕ್ಷರವೂ ಕಾನೂನು ಪ್ರಕಾರ ಸುಳ್ಳಾಗಿರಲಿಲ್ಲ.

ಮತದಾನದ ದಿನ ಬಾಧಿತ ಬಡವರ ಪರವಾಗಿ ಹೇಳಿಕೆ ಕೊಡಲು ಪ್ಯೋ ಅವರನ್ನು ಕರೆಸಲಾಯಿತು. ಅವರು ರಬ್ಬರಿನ ಎಪ್ರನ್ ತೊಟ್ಟು ಬಂದರು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಅದು ನಿಜವಾದ ಸುಟ್ಟಗಾಯವೇ, ನಾನು ನೋಡಿದ್ದೇನೆ. ನಾಲ್ಕು ಅವಧಿ ಭಾಷಣ ಮಾಡಿದ ನಾಲಿಗೆ ಅವರದು, ಮೈಕು ಕಂಡೊಡನೆ ಅದಕ್ಕೆ ಜೀವ ಬಂತು.

"ದೊಡ್ಡವರೇ," ಎಂದು ಶುರುಮಾಡಿದರು. "ಇಪ್ಪತ್ಮೂರು ವರ್ಷದ ಅಂಗಡಿ ಅದು. ಚಳಿಗೆ ಕೈ ಒಡೆದು ರಕ್ತ ಬಂದ್ರೂ ಸೌಟು ಬಿಟ್ಟಿಲ್ಲ. ಜ್ವರ ಬಂದ್ರೆ ಗುಳಿಗೆ ನುಂಗಿ ನಿಂತಿದ್ದೀವಿ. ಅಂಗಡಿ ಎತ್ತೋ ಲಾರಿ ಬಂದಾಗ ಕುದಿಯೋ ಪಾತ್ರೇನ ತಬ್ಬಿಕೊಂಡು ಕೂತಿದ್ದೀವಿ. ಇವತ್ತು ನೀವು ಚಿನ್ನದ ಬ್ಯಾಡ್ಜು ಹಾಕ್ಕೊಂಡೋರು, ಬೆಚ್ಚಗೆ ಕುರ್ಚಿ ಮೇಲೆ ಕೂತು, ಒಂದು ಸಾಲು ಬರೆದು ಅದನ್ನ ಕಿತ್ಕೋತೀರಾ? ಕಿತ್ಕೊಳ್ಳಿ. ನಾವು ಯಾರ ಹತ್ರ ಹೋಗಿ ಅಳೋಣ?"

ಇಪ್ಪತ್ಮೂರು ವರ್ಷವೂ ವೃತ್ತಿಯ ಜೊತೆಗೆ ಅವರಿಗೆ ವರ್ಗಾವಣೆಯಾಗಿದ್ದುದರಿಂದ ಈ ಹೇಳಿಕೆ ನಿಯಮಬದ್ಧವಾಗಿತ್ತು.

ಮುನ್ನೂರು ಜನರಲ್ಲಿ ಲಾರಿ ಬರುವುದನ್ನು ನೋಡದವರು, ಒಂದು ಕಾಗದದಿಂದ ಕೆಲಸ ಕಳೆದುಕೊಂಡು ಗೊತ್ತಿಲ್ಲದವರು ಯಾರಿದ್ದರು? ಸಿಹಿಗೆಣಸಿನವರು ಮೂಗು ಒರೆಸಿಕೊಂಡರು. ಕಾವಲುಗಾರರು ಬಿಕ್ಕುತ್ತಿದ್ದರು. ಒಕ್‌ಬುನ್ ಅಂತೂ ತಾನು ಸಹಿ ಹಾಕಿದ್ದನ್ನು ಮರೆತು, "ಅಯ್ಯೋ, ಅವನ ಬೆರಳು ನೋಡ್ರೇ! ಈ ದೊಡ್ಡವರಿಗೆ ಕರುಳೇ ಇಲ್ವಾ?" ಎಂದು ಎದ್ದುನಿಂತು ಕೂಗಿದರು. ಇಡೀ ಸಭೆ ಹೌದು ಹೌದು ಎಂದಿತು.

ಸಭಾಪತಿಗಳು ಮಸೂದೆಯನ್ನು ಮತಕ್ಕೆ ಹಾಕಿದರು. ಪರವಾಗಿರುವವರು ಎದ್ದು ನಿಲ್ಲಿ ಎಂದಾಗ ಯಾರೂ ಏಳಲಿಲ್ಲ. ನಾನು ಚಿಕ್ಕಮ್ಮನನ್ನೇ ನೋಡುತ್ತಿದ್ದೆ. ಅವರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಕೆನ್ನೆ ಒದ್ದೆಯಾಗಿತ್ತು. ವಿರೋಧವಾಗಿರುವವರು ಎದ್ದು ನಿಲ್ಲಿ ಎಂದರು. ಕುರ್ಚಿಗಳು ಒಟ್ಟಿಗೆ ಸದ್ದು ಮಾಡಿದವು. ಚಿಕ್ಕಮ್ಮನೂ ನಿಂತಿದ್ದರು.

ಪರ ಸೊನ್ನೆ, ವಿರೋಧ ಮುನ್ನೂರು. ಬಡವರ ಹಿತ ಕಾಯುವುದರಲ್ಲಿ ನಮ್ಮ ಸಂಸತ್ತು ಇಷ್ಟು ಒಮ್ಮತದಿಂದ ಹಿಂದೆಂದೂ ನಡೆದುಕೊಂಡಿರಲಿಲ್ಲ ಎಂದು ಮೇಂಗ್ ಸಾಹೇಬರು ಪತ್ರಕರ್ತರಿಗೆ ಹೇಳಿದರು. ಅಂಕ ಮೂವತ್ತೊಂದೇ ಇರಲಿ, ಮನಸ್ಸು ಮಾತ್ರ ನೂರಕ್ಕೆ ನೂರು ಎಂದೂ ಸೇರಿಸಿದರು. ಪ್ಯೋ ಅವರನ್ನು ಹೊರಗೆ ಜನ ಹೆಗಲ ಮೇಲೆ ಹೊತ್ತು ಸಂತೆಯವರೆಗೆ ಮೆರವಣಿಗೆ ಮಾಡಿದರು. ಮುಂದಿನ ಚುನಾವಣೆಗೆ ಅವರ ಎದುರು ನಿಲ್ಲುವ ಧೈರ್ಯ ಯಾರಿಗೂ ಇಲ್ಲವೆಂದು ಸುದ್ದಿ.

ಮೊಗಸಾಲೆಯಲ್ಲಿ ಚಿಕ್ಕಮ್ಮ ಒಬ್ಬರೇ ಬೆಂಚಿನ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ಕಣ್ಣೊರೆಸಿಕೊಂಡರು.

"ತಮ್ಮಾ, ಈಗ ಆ ವಕೀಲೆಗೆ ಏನ್ ಮಾಡ್ತಾರೆ?"

"ಯಾವ ವಕೀಲೆ ಚಿಕ್ಕಮ್ಮ?"

"ಅದೇ, ಆ ಬಡಪಾಯಿ ಅಂಗಡಿ ಕಿತ್ಕೊಳ್ಳೋಕೆ ಮಸೂದೆ ತಂದ್ಲಲ್ಲ."

ನಾನು ನಿಯಮವನ್ನು ನೆನಪಿಸಿಕೊಂಡೆ. "ಏನೂ ಮಾಡಲ್ಲ. ಸದಸ್ಯೆಯಾಗಿ ಮುಂದುವರಿತಾಳೆ."

"ನೋಡ್ದಾ," ಎಂದರು ಚಿಕ್ಕಮ್ಮ. "ಅಂಥೋರಿಗೆ ಯಾವತ್ತೂ ಏನೂ ಆಗಲ್ಲ."

ಮಧ್ಯಾಹ್ನದ ಅಧಿವೇಶನದ ಗಂಟೆ ಹೊಡೆಯಿತು. ಅವರು ಕೋಟಿನ ಗುಂಡಿ ಹಾಕಿಕೊಂಡು ಒಳಗೆ ಹೋದರು.